ಮಕ್ಕಳು ಮಾಡಿದ ಆಟಕ್ಕೆ ವಯಸ್ಸಿನ ಚೀಟಿ ಬೇಕೇ?



ಭಾನುವಾರದ ಕನ್ನಡ ತರಗತಿ ಮುಗಿದ ಮೇಲೆ ನಮ್ಮ ದೊಡ್ಡ ಮಕ್ಕಳು ಲ್ಯಾಪ್‌ಟಾಪ್ ತೆಗೆದು ಸ್ಕ್ರ್ಯಾಚ್‌ನಲ್ಲಿ ಆಟ ಮಾಡುತ್ತಾ ಕೂರುವುದು ನಿಮಗೆಲ್ಲ ಗೊತ್ತೇ ಇದೆ. ಅವರಿಗೆ ಒಂದಿಷ್ಟು ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಈಚೆಗೆ ಪೋಷಕರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ಸಿನಿಮಾಕ್ಕೆ ಪಿಜಿ-13 ಅಂತ ಹಾಕ್ತಾರಲ್ಲ, ಇದಕ್ಕೂ ಹಾಗೇ ಒಂದು ಚೀಟಿ ಯಾಕೆ ಅಂಟಿಸಬಾರದು?" ಈ ಸಲದ ಪಾಠ ಅದರ ಬಗ್ಗೆಯೇ.

ಹೊಸಬರಿಗೆ ಎರಡು ಮಾತು. ಸ್ಕ್ರ್ಯಾಚ್ 2007ರಲ್ಲಿ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡದಿಂದ ಹೊರಬಂತು. ಮುಖ್ಯವಾಗಿ 8ರಿಂದ 16 ವರ್ಷದವರಿಗೆಂದು ಮಾಡಿದ್ದು. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಕತೆ, ಆಟ ತಯಾರು. ಶೇರ್ ಗುಂಡಿ ಒತ್ತಿದರೆ ಜಗತ್ತಿನ ಯಾವ ಮೂಲೆಯ ಮಗುವಾದರೂ ಅದನ್ನು ನೋಡಬಹುದು.

ಈಗ ಚೀಟಿಯ ವಿಷಯ. ಅಮೆರಿಕದಲ್ಲಿ ಸಿನಿಮಾ ರೇಟಿಂಗ್ ಶುರುವಾದದ್ದು 1968ರಲ್ಲಿ, ಪಿಜಿ-13 ಸೇರಿದ್ದು 1984ರಲ್ಲಿ. ಅದಕ್ಕೆ ಒಂದು ಕಾರಣ, ನಮ್ಮ ಅಮರೀಶ್ ಪುರಿ ಇಂಡಿಯಾನಾ ಜೋನ್ಸ್ ಚಿತ್ರವೊಂದರಲ್ಲಿ ಮನುಷ್ಯನ ಎದೆಗೆ ಕೈಹಾಕಿ ಹೃದಯ ಕಿತ್ತದ್ದು! ಮಕ್ಕಳನ್ನು ಕರೆದುಕೊಂಡು ಹೋಗಿದ್ದ ಅಪ್ಪ ಅಮ್ಮಂದಿರು ಗಲಾಟೆ ಮಾಡಿದರು. ವಿಡಿಯೋ ಗೇಮ್‌ಗಳಿಗೆ ಇಎಸ್‌ಆರ್‌ಬಿ ರೇಟಿಂಗ್ ಬಂದದ್ದು 1994ರಲ್ಲಿ. ಎರಡರಲ್ಲೂ ಮಾಡುವವರು ದೊಡ್ಡವರು, ಅಳೆಯುವವರು ದೊಡ್ಡವರು, ಚೀಟಿ ಓದಿ ದುಡ್ಡು ಕೊಡುವವರೂ ದೊಡ್ಡವರು.

ಸ್ಕ್ರ್ಯಾಚ್‌ನಲ್ಲಿ ಈ ಮೂವರೂ ಇಲ್ಲ. ಆಟ ಮಾಡಿದವನಿಗೇ ಹತ್ತು ವರ್ಷ. ತನ್ನ ಆಟ ಏಳು ವರ್ಷದವಳಿಗೆ ಹೆದರಿಕೆ ತರುತ್ತದೋ ಇಲ್ಲವೋ ಅವನು ಹೇಗೆ ಹೇಳಿಯಾನು? ಹಂಚಿಕೆಯಾಗಿರುವ ಪ್ರಾಜೆಕ್ಟ್‌ಗಳು ಹತ್ತು ಕೋಟಿ ದಾಟಿವೆ, ಒಂದೊಂದನ್ನೂ ಮೊದಲೇ ಕೂತು ನೋಡುವುದು ಯಾರಿಂದ ಸಾಧ್ಯ? ಖಾತೆ ತೆರೆಯುವಾಗ ಹುಟ್ಟಿದ ತಿಂಗಳು, ವರ್ಷ ಕೇಳುತ್ತಾರೆ ನಿಜ, ಆದರೆ ಮಗು ಟೈಪ್ ಮಾಡಿದ್ದೇ ಪ್ರಮಾಣ. ಇನ್ನು "13+" ಎಂಬ ಅಕ್ಷರ ಒಂಬತ್ತು ವರ್ಷದವನ ಕಣ್ಣಿಗೆ ಎಚ್ಚರಿಕೆಯಲ್ಲ, ಆಮಂತ್ರಣ. ಹಾಗಾಗಿ ಅಲ್ಲಿನ ನಿಯಮ ಸರಳ: ಹಂಚಿಕೊಂಡದ್ದು ಎಲ್ಲ ವಯಸ್ಸಿನವರೂ ನೋಡುವಂತಿರಬೇಕು. ನನಗೆ ಇದೇ ಸರಿ ಅನ್ನಿಸುತ್ತದೆ.

ರೋಬ್ಲಾಕ್ಸ್‌ನವರು ಚೀಟಿಯ ದಾರಿ ಹಿಡಿದರು. 2022ರಲ್ಲಿ ಎಲ್ಲ ವಯಸ್ಸು, 9+, 13+ ಎಂದು ಶುರುಮಾಡಿ, 2024ರ ನವೆಂಬರ್‌ನಲ್ಲಿ ಆ ಅಂಕಿಗಳನ್ನು ಬಿಟ್ಟು, ಒಳಗಿನ ಹಿಂಸೆ, ಭಯ ಎಷ್ಟು ತೀವ್ರ ಎಂದು ಹೇಳುವ ಹೆಸರುಗಳಿಗೆ ಬದಲಾಯಿಸಿದರು. ಮಗುವಿನ ವಯಸ್ಸಿಗಿಂತ ಆಟದೊಳಗೆ ಏನಿದೆ ಎಂದು ಹೇಳುವುದೇ ಪೋಷಕರಿಗೆ ಹೆಚ್ಚು ಉಪಯೋಗ. ಅಲ್ಲಿಯೂ ಪ್ರಶ್ನಾವಳಿ ತುಂಬುವವರು ಆಟ ಮಾಡಿದವರೇ ಎನ್ನುವುದು ನೆನಪಿರಲಿ.

ನಮ್ಮ ತರಗತಿಯ ಒಬ್ಬ ಹುಡುಗ ಪ್ರಹ್ಲಾದನ ಕತೆ ತೆಗೆದುಕೊಂಡ. ಕಂಬ ಒಡೆಯಿತು, ನರಸಿಂಹ ಬಂದ, ಮುಂದೆ? ಅವನ ತಲೆಯಲ್ಲಿ ಹೊಟ್ಟೆ ಬಗೆಯುವುದು, ಕರುಳಿನ ಮಾಲೆ ಎಲ್ಲ ಸಿದ್ಧವಾಗಿತ್ತು. ಬೇಡವೇನೋ ಅಂದಾಗ ಅವರಮ್ಮನಿಗೆ ಸ್ವಲ್ಪ ಬೇಸರವೇ ಆಯಿತು. "ನಾವು ಚಿಕ್ಕವರಿದ್ದಾಗ ಇದನ್ನೇ ಬಯಲಾಟದಲ್ಲಿ ನೋಡ್ಲಿಲ್ವಾ? ನಮ್ಮ ದೇವರ ಕತೆಗೂ ಸೆನ್ಸಾರಾ?" ನ್ಯಾಯವಾದ ಪ್ರಶ್ನೆ. ನೋಡಿದ್ದೆವು, ಆದರೆ ಅಜ್ಜಿಯ ತೊಡೆಯ ಮೇಲೆ ಕೂತು. ಹೆದರಿದರೆ ಸೆರಗಿತ್ತು, ಕೇಳಿದರೆ ಉತ್ತರವಿತ್ತು. ಎಲ್ಲೋ ಬ್ರೆಜಿಲ್‌ನಲ್ಲಿ ಒಂಟಿಯಾಗಿ ಇದನ್ನು ತೆರೆಯುವ ಮಗುವಿಗೆ ಹಿರಣ್ಯಕಶಿಪು ಯಾರೆಂದೇ ಗೊತ್ತಿಲ್ಲ, ಪಕ್ಕದಲ್ಲಿ ಅಜ್ಜಿಯೂ ಇಲ್ಲ. ಕೊನೆಗೆ ಹುಡುಗನೇ ದಾರಿ ಕಂಡುಕೊಂಡ: ಹೊಸ್ತಿಲ ಮೇಲೆ ನರಸಿಂಹನ ನೆರಳು, ಮುಳುಗುವ ಸೂರ್ಯ, ಪರದೆ ಕಪ್ಪು. ನನ್ನ ಮಟ್ಟಿಗೆ ಮೊದಲಿನದಕ್ಕಿಂತ ಇದೇ ಚೆನ್ನಾಗಿದೆ.

ಮನೆಯಲ್ಲಿ ಹೀಗೆ ಮಾಡಿ. ಶೇರ್ ಒತ್ತುವ ಮೊದಲು ಆಟವನ್ನು ಮಗುವಿನ ಜೊತೆ ಒಮ್ಮೆ ಸೋಲುವ ತನಕ ಆಡಿ. ಗೆದ್ದಾಗ ಬರುವುದು ಸಾಮಾನ್ಯವಾಗಿ ಚಪ್ಪಾಳೆ. ತೊಂದರೆ ಇರುವುದು ಸೋತಾಗ ಏನು ತೋರಿಸುತ್ತಾರೆ ಎನ್ನುವುದರಲ್ಲಿ. ಸೌಂಡ್ ಆನ್ ಮಾಡಿರಿ, ದಿಢೀರ್ ಕಿರುಚಾಟಕ್ಕೆ ಚಿಕ್ಕವರು ಚಿತ್ರಕ್ಕಿಂತ ಹೆಚ್ಚು ಬೆಚ್ಚುತ್ತಾರೆ. ಮನೆಯಲ್ಲಿ ತಮ್ಮನೋ ತಂಗಿಯೋ ಇದ್ದರೆ "ಇದನ್ನ ಪುಟ್ಟಿಗೆ ತೋರಿಸ್ತೀಯಾ?" ಎಂದು ಕೇಳಿ ಸುಮ್ಮನಾಗಿ. ಮಗು ಒಂದು ಕ್ಷಣ ತಡವರಿಸಿದರೂ ಏನು ಬದಲಿಸಬೇಕೆಂದು ಅದಕ್ಕೇ ಗೊತ್ತಿರುತ್ತದೆ.

ಇನ್ನೊಂದು: ಹಂಚಿಕೊಂಡ ಪ್ರಾಜೆಕ್ಟನ್ನು ಬೇರೆ ಮಕ್ಕಳು ರೀಮಿಕ್ಸ್ ಮಾಡಬಹುದು, ನಿಮ್ಮ ಮಗು ತೆಗೆದ ರಕ್ತವನ್ನು ಅವರು ಮತ್ತೆ ಹಾಕಲೂಬಹುದು. ಅಂಥದ್ದು ಕಂಡರೆ ಕಾಮೆಂಟ್‌ನಲ್ಲಿ ಜಗಳ ಬೇಡ, ಪ್ರಾಜೆಕ್ಟ್ ಕೆಳಗೇ ರಿಪೋರ್ಟ್ ಗುಂಡಿ ಇದೆ. ಯಾವಾಗ ಒತ್ತಬೇಕು, ಏನು ಬರೆಯಬೇಕು ಎನ್ನುವುದನ್ನು ಮುಂದಿನ ಭಾನುವಾರ ಮಕ್ಕಳಿಗೆ ತೋರಿಸುತ್ತೇನೆ. ಬಿಡುವಿದ್ದರೆ ನೀವೂ ಹಿಂದಿನ ಸಾಲಿನಲ್ಲಿ ಕೂತು ನೋಡಿ.