ಮೊದಲು ಹೆಸರುಗಳನ್ನು ಕೂಡಿಸಿಕೋ

ತಿರುಪ್ಪೂರಿನ ಬಟ್ಟೆ ಡೈಯಿಂಗ್ ಘಟಕಗಳ ಕೊಳೆನೀರಿನ ಮೇಲೆ ನಡೆದ ಸಂಶೋಧನೆಗಳನ್ನೆಲ್ಲ ಒಂದೇ ಕಡೆ ಹುಡುಕುವ ತಾಣ ಕಟ್ಟುತ್ತೀನಿ ಅಂತ ಹೊರಟಿದ್ದೀಯ. ಸಂತೋಷ ಮಗಳೇ. 2004ರಿಂದಲೇ ಗೂಗಲ್ ಸ್ಕಾಲರ್ ಇರುವಾಗ ಇನ್ನೊಂದು ಯಾಕೆ ಎನ್ನುವವರು ಸಿಕ್ಕೇ ಸಿಗುತ್ತಾರೆ. ವಾದಕ್ಕಿಳಿಯಬೇಡ. ಒಬ್ಬರು ರಿಯಾಕ್ಟಿವ್ ಬ್ಲ್ಯಾಕ್ 5 ಎಂದು ಬರೆದ ಬಣ್ಣವನ್ನೇ ಇನ್ನೊಬ್ಬರು ರೆಮಜಾಲ್ ಬ್ಲ್ಯಾಕ್ ಬಿ ಎಂದಿರುತ್ತಾರೆ. ಎರಡನ್ನೂ ಬೇರೆಬೇರೆಯಾಗಿ ಹುಡುಕಿಸಿ, ಬಂದದ್ದನ್ನು ಅವರ ಮುಂದಿಡು.

ನಿನ್ನ ನಿಜವಾದ ಕೆಲಸ ಇರೋದು ಅಲ್ಲೇ. ಈ ಬಣ್ಣಕ್ಕೆ 17095-24-8 ಅಂತ ರಾಸಾಯನಿಕವನ್ನು ಗುರುತಿಸುವ ಒಂದು ಸಿಎಎಸ್ ಸಂಖ್ಯೆ ಇದೆ. ಅಂಗಡಿಯ ಹೆಸರು, ಪುಸ್ತಕದ ಹೆಸರು ಎಲ್ಲವನ್ನೂ ಆ ಸಂಖ್ಯೆಗೆ ಕಟ್ಟಿಹಾಕು. ವೈದ್ಯಕೀಯದವರು ಇದನ್ನು ಎಂದೋ ಮಾಡಿಕೊಂಡರು: ಪಬ್‌ಮೆಡ್‌ನಲ್ಲಿ ಹಾರ್ಟ್ ಅಟ್ಯಾಕ್ ಎಂದು ಕೇಳಿದರೂ ಅದು ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್ ಎಂದಿರುವ ಲೇಖನಗಳನ್ನು ತರುತ್ತದೆ. ಅದರ ಹಿಂದಿರುವ ಪದಪಟ್ಟಿ 1960ರಷ್ಟು ಹಳೆಯದು.

ಊರಿನ ವಿಷಯದಲ್ಲಿ ಇನ್ನೂ ಹುಷಾರು. ತಿರುಪ್ಪೂರು ಜಿಲ್ಲೆಯಾದದ್ದು 2009ರಲ್ಲಿ. ಅದಕ್ಕೂ ಮೊದಲು ಊರು ಕೊಯಮತ್ತೂರಿಗೆ, ಕಾಂಗೇಯಂ ತಾಲ್ಲೂಕು ಈರೋಡಿಗೆ ಸೇರಿತ್ತು. ಹಾಗಾಗಿ ಆ ತಾಲ್ಲೂಕಿನ, ನೊಯ್ಯಲ್ ಹೊಳೆಯ ಮೇಲಿನ ಒರತ್ತುಪ್ಪಾಳಯಂ ಅಣೆಕಟ್ಟಿನ ಹಳೇ ಅಧ್ಯಯನಗಳಲ್ಲಿ ಈರೋಡ್ ಎಂದೇ ಇರಬಹುದು. ಜಿಲ್ಲೆಯ ಹೆಸರಿನಿಂದ ಜರಡಿ ಹಿಡಿದೆಯೋ, ಅವೆಲ್ಲ ಉದುರಿಹೋದವು. ಡೈಯಿಂಗ್ ಘಟಕಗಳನ್ನು ಮುಚ್ಚಲು ಮದ್ರಾಸ್ ಹೈಕೋರ್ಟ್ ಹೇಳಿದ್ದು 2011ರ ಜನವರಿಯಲ್ಲಿ. ಅದಕ್ಕೆ ಮುಂಚೆ ನೀರು ಹೇಗಿತ್ತು ಎಂದು ಹೋಲಿಸಲು ಬೇಕಾದದ್ದೇ ಆ ಹಳೇ ಲೇಖನಗಳು! ಇಂಗ್ಲಿಷಿನಲ್ಲಿ ಊರ ಹೆಸರಿಗೆ ಒಂದು ಪಿ ಹಾಕುವವರಿದ್ದಾರೆ, ಎರಡು ಹಾಕುವವರೂ ಇದ್ದಾರೆ. ಎರಡನ್ನೂ ಸೇರಿಸಿಕೋ.

ಹುಡುಕುಪೆಟ್ಟಿಗೆ ಹೇಗಿರಬೇಕು ಎಂಬುದಕ್ಕೆ ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರನ್ನು ಓದು. ಶೀರ್ಕಾಳಿಯಲ್ಲಿ ಹುಟ್ಟಿದವರು, 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಎಂಬ ದಾಖಲಾತಿ ಸಂಶೋಧನೆ, ತರಬೇತಿ ಕೇಂದ್ರ ಶುರುಮಾಡಿದವರು. ಒಂದು ವಿಷಯವನ್ನು ವಸ್ತು, ಕ್ರಿಯೆ, ಸ್ಥಳ, ಕಾಲ ಮುಂತಾಗಿ ಬಿಡಿಸಿ ನೋಡುವುದನ್ನು ತೋರಿಸಿಕೊಟ್ಟವರು. ಯಾವ ಬಣ್ಣ, ಯಾವ ಶುದ್ಧೀಕರಣ, ಎಲ್ಲಿಯ ನೀರು, ಯಾವ ವರ್ಷ — ನಿನ್ನ ಹುಡುಕುಪೆಟ್ಟಿಗೆಗೆ ಇಷ್ಟು ಸಾಕು.

ಲೇಖನಗಳ ವಿವರ ಕ್ರಾಸ್‌ರೆಫ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಇದೆ. ಹಿಂತೆಗೆದುಕೊಂಡ ಲೇಖನಗಳ ಪಟ್ಟಿಯೂ 2023ರಿಂದ ಮುಕ್ತವಾಗಿದೆ, ಅಂಥವಕ್ಕೆ ಕೆಂಪು ಗುರುತು ಹಾಕದೆ ಬಿಡಬೇಡ. ಸಾರಾಂಶ ಹೇಳುವ ಚಾಟ್‌ಬಾಟ್ ಈಗಲೇ ಬೇಡ. ಲೇಖನವೇ ಸಿಗದಿದ್ದರೆ ಅದು ಏನನ್ನು ಸಾರಾಂಶ ಮಾಡೀತು?

ನಾಳೆ ಡೈಯಿಂಗ್ ಮಾಸ್ಟರ್‌ಗಳ ಹತ್ತಿರ ಹೋಗು. ಅವರು ಬಣ್ಣಗಳನ್ನು ಕರೆಯುವ ಹೆಸರುಗಳನ್ನೂ, ಅವರಿಗೆ ಉತ್ತರ ಬೇಕಿರುವ ಪ್ರಶ್ನೆಗಳನ್ನೂ ಬರೆದುಕೊಂಡು ಬಾ. ಕೋಡ್ ಆಮೇಲೆ ಬರೆಯುವಿಯಂತೆ.