ಬೆಳಿಗ್ಗೆ ಹಿಮ, ಸಂಜೆ ನೀರು

ನ್ಯೂಜೆರ್ಸಿಯ ಎಡಿಸನ್‌ನಿಂದ ಹೊರಟು ಡೆಲವೇರ್ ನದಿ ದಾಟಿದರೆ ಪೆನ್ಸಿಲ್ವೇನಿಯಾದ ಪೊಕೊನೋ ಬೆಟ್ಟಗಳು. ಕಾರಿನಲ್ಲಿ ಎರಡು ಗಂಟೆಯೂ ಬೇಡ. ಅಲ್ಲಿನ ಕ್ಯಾಮೆಲ್‌ಬ್ಯಾಕ್‌ನಲ್ಲಿ 1963ರಿಂದ ಸ್ಕೀಯಿಂಗ್ ಇದೆ. 2015ರಲ್ಲಿ ಅದಕ್ಕೆ ಅಂಟಿಕೊಂಡೇ 1,25,000 ಚದರಡಿಯ ಒಳಾಂಗಣ ವಾಟರ್‌ಪಾರ್ಕ್ ಬಂತು. ಹೊರಗೆ ಮೂಗು ಮರಗಟ್ಟುವ ಚಳಿ, ಒಳಗೆ 84 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮಂಗಳೂರಿನ ಸೆಕೆ. ಇಂಥ ರೆಸಾರ್ಟುಗಳಿಗೆ ಮಕ್ಕಳನ್ನು ಕಟ್ಟಿಕೊಂಡು ಏಳು ಚಳಿಗಾಲ ಹೋಗಿಬಂದವಳ ಲೆಕ್ಕ ಇದು.

1. ಹಿಮ ಮೊದಲು, ನೀರು ಆಮೇಲೆ. ಮೊದಲ ವರ್ಷ ಮಕ್ಕಳ ಕಾಟಕ್ಕೆ ಮಣಿದು, "ಒಂದೇ ಗಂಟೆ" ಎಂದು ಬೆಳಿಗ್ಗೆಯೇ ನೀರಿಗೆ ಬಿಟ್ಟೆ. ಮಧ್ಯಾಹ್ನವಾದರೂ ಕೂದಲು ಒಣಗಲಿಲ್ಲ, ಬೂಟಿಗೆ ಯಾರೂ ಕಾಲು ಕೊಡಲಿಲ್ಲ. ನಾಲ್ಕು ಲಿಫ್ಟ್ ಟಿಕೆಟ್ ದಂಡ. ಈಗ ನೀರು ನನ್ನ ಲಂಚ: ಎರಡು ಗಂಟೆ ಹಿಮದಲ್ಲಿ ಬಿದ್ದೆದ್ದವರಿಗೆ ಸಂಜೆ ಜಾರುಬಂಡಿ.

2. ಬೂಟಿನ ವಿಷಯದಲ್ಲಿ ಅವಸರ ಬೇಡ. ಚಳಿಯೆಂದು ಮಗಳಿಗೆ ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿದ್ದೆ. ಅರ್ಧ ಗಂಟೆಯಲ್ಲಿ ಬೆರಳು ಜೋಮು ಹಿಡಿದು ಅಳು. ಎರಡು ಚೀಲದ ಬಿಗಿತಕ್ಕೆ ರಕ್ತ ಓಡುವುದಿಲ್ಲ. ತೆಳ್ಳನೆಯದು ಒಂದೇ ಸಾಕು. ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದೆ ಮೆಲ್ಲಗೆ ತಾಗಬೇಕು, ಮಂಡಿ ಬಗ್ಗಿಸಿದಾಗ ಹಿಂದೆ ಸರಿಯಬೇಕು. ಬಾಡಿಗೆ ಕೌಂಟರಿನಲ್ಲಿ ತೂಕ ಕೇಳಿದರೆ ನಿಜ ಹೇಳಿ. ಬಿದ್ದಾಗ ಸ್ಕೀ ಕಾಲಿನಿಂದ ಕಳಚಿಕೊಳ್ಳಬೇಕಾದ ಬಿಗಿಯನ್ನು ಅದನ್ನೂ ನೋಡಿಯೇ ಹೊಂದಿಸುತ್ತಾರೆ. ನಮ್ಮ ಯಜಮಾನರು ಅಲ್ಲೂ ಐದು ಕಿಲೋ ಕಡಿಮೆ ಹೇಳಿದರು!

3. ನಿಮ್ಮ ಮಕ್ಕಳಿಗೆ ನೀವು ಕಲಿಸಬೇಡಿ. ಇವರು ಕೆಳಗೆ ನಿಂತು "ಬ್ರೇಕ್ ಹಾಕೋ!" ಎಂದು ಕೂಗಿದರು, ಸ್ಕೀಗೆ ಬ್ರೇಕ್ ಎಲ್ಲಿದೆ? ಮಗ ಸೀದಾ ಹೋಗಿ ಬಲೆಗೆ ಸಿಕ್ಕಿಕೊಂಡ. ಮರುದಿನ ತರಬೇತಿಯ ಹುಡುಗಿ "ಪಿಜ್ಜಾ" ಎಂದಳು. ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನದು ದೂರ. ಪಿಜ್ಜಾ ತುಂಡಿನ ಆಕಾರ. ಮಗ ನಿಂತ.

4. ಹತ್ತಿಬಟ್ಟೆ ಮನೆಯಲ್ಲಿರಲಿ. ಒದ್ದೆಯಾದರೆ ಒಣಗುವುದಿಲ್ಲ. ಜೀನ್ಸಂತೂ ಬೇಡವೇ ಬೇಡ.

5. ಡಿಸೆಂಬರಿನಲ್ಲಿ ಮೋಸ ಹೋಗಬೇಡಿ. ಇಲ್ಲಿನ ಹಿಮದಲ್ಲಿ ಬಹುಪಾಲು ಯಂತ್ರದ್ದು: ನೀರನ್ನೂ ಒತ್ತಡದ ಗಾಳಿಯನ್ನೂ ಸೇರಿಸಿ ಚಿಮ್ಮಿಸುತ್ತಾರೆ. ರಾತ್ರಿ ಸಾಕಷ್ಟು ಚಳಿ ಬೀಳದಿದ್ದರೆ ಅದೂ ಇಲ್ಲ. ಒಂದು ಕ್ರಿಸ್‌ಮಸ್‌ಗೆ ನಾವು ಹೋದಾಗ ತೆರೆದಿದ್ದುದು ಎರಡೇ ಇಳಿಜಾರು, ಅದರಲ್ಲೇ ಇಡೀ ಜಾತ್ರೆ. ಆ ಸಲ ಮಾನ ಉಳಿಸಿದ್ದು ವಾಟರ್‌ಪಾರ್ಕು.

6. ಅಜ್ಜಿಗೂ ಜಾಗ ನೋಡಿ. ಶಿವಮೊಗ್ಗದಿಂದ ಬಂದಿದ್ದ ಅಮ್ಮ, "ಇಷ್ಟು ದೂರ ಬಂದು ಸ್ನಾನಾನೇನೇ?" ಎಂದು ನಕ್ಕರು. ಸೀರೆಯಲ್ಲಿ ನೀರಿಗೆ ಬಿಡುವುದಿಲ್ಲವಲ್ಲ, ದಡದ ಕುರ್ಚಿಯಲ್ಲಿ ಕೂತರು. ಗಾಜಿನಾಚೆ ಹಿಮ ಬೀಳುತ್ತಿತ್ತು, ಮಡಿಲಲ್ಲಿ ಎಲ್ಲರ ಟವೆಲ್. ಎರಡನೇ ದಿನ ಅವರೇ ಎಲ್ಲರಿಗಿಂತ ಮೊದಲು ತಯಾರು. ಕಾವಲಿನವರಿದ್ದಾರೆಂದು ಅಜ್ಜಿಯ ಮೇಲೆ ಮಕ್ಕಳನ್ನು ಬಿಟ್ಟು ಹೋಗಬೇಡಿ. ಈಜು ಬರುವ ದೊಡ್ಡವರೊಬ್ಬರು ನೀರಲ್ಲೇ ಇರಬೇಕು.

7. ಊಟ. ಗೊಜ್ಜವಲಕ್ಕಿ ಪುಡಿ ಒಯ್ಯಿರಿ, ಕೋಣೆಯ ಬಿಸಿನೀರು ಸಾಕು. ಫ್ರೈಸ್‌ಗೆ ಕ್ಯೂ ನಿಲ್ಲುವುದು ತಪ್ಪುತ್ತದೆ.

8. ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ ರಜೆಯ ವಾರಾಂತ್ಯ ಬಿಟ್ಟುಬಿಡಿ, ಜನಜಂಗುಳಿ. ಎರಡು ರಾತ್ರಿಗಿಂತ ಕಡಿಮೆಯಾದರೆ ಹೋಗಲೇಬೇಡಿ. ಕೋಣೆ ಖಾಲಿ ಮಾಡಿದ ದಿನವೂ ವಾಟರ್‌ಪಾರ್ಕಿನ ಪ್ರವೇಶದ ಕೈಪಟ್ಟಿ ನಡೆಯುತ್ತದೆಯೇ ಎಂದು ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ನಡೆಯುವುದಾದರೆ, ಒಣ ಬಟ್ಟೆಯ ಚೀಲವೊಂದನ್ನು ಡಿಕ್ಕಿಯಲ್ಲಿ ಎಲ್ಲಕ್ಕಿಂತ ಮೇಲಿಡಿ.