ಬಾರ್ಜಿಗೂ ಬೇಕು ಬಾಲಂಗೋಚಿ

ಪ್ರಶ್ನೆ: ಮಂಗಳೂರಿನ ಕಡಲಲ್ಲಿ ಒಂದು ಟಗ್ ದೊಡ್ಡ ಬಾರ್ಜನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋಗುತ್ತಿತ್ತು. ಬಾರ್ಜಿನಲ್ಲಿ ಎಂಜಿನ್ ಇಲ್ಲ, ಚುಕ್ಕಾಣಿ ಹಿಡಿಯುವವರೂ ಇಲ್ಲ ಎಂದರು. ಅದು ಎಡಕ್ಕೂ ಬಲಕ್ಕೂ ಓಲಾಡುತ್ತಲೇ ಸಾಗಿತು. ನಮ್ಮ ಕಡೆ ಕಬ್ಬಿನ ಟ್ರೇಲರ್ ಹಾಗೆ ಓಲಾಡಿದರೆ ಹೇರು ಸರಿಯಿಲ್ಲ ಎನ್ನುತ್ತೇವೆ. ಕಡಲಲ್ಲಿ ಅದನ್ನು ದಾರಿಗೆ ತರುವುದು ಹೇಗೆ?
– ಒಬ್ಬ ಓದುಗರು, ಯಲಿಯೂರು, ಮಂಡ್ಯ

ಉತ್ತರ: ನಿಮ್ಮ ಹೋಲಿಕೆಯಲ್ಲೇ ಅರ್ಧ ಉತ್ತರವಿದೆ. ಎರಡು ಗಾಲಿಯ ಗಾಡಿಗೆ ಕಬ್ಬು ಹೇರುವಾಗ ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಕಣ್ಣಿ ಎತ್ತಿನ ಕೊರಳನ್ನು ಒತ್ತುತ್ತದೆ. ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಯ ಟ್ರೇಲರ್ ಆದರೆ ಬಾಲ ಬೀಸತೊಡಗುತ್ತದೆ. ಎಳೆಯುವ ಕೊಂಡಿ ಮುಂದಿರಬೇಕು, ನೆಲ ಕಚ್ಚುವ ಗಾಲಿ ಹಿಂದಿರಬೇಕು, ಭಾರ ಇವೆರಡರ ನಡುವೆ ಬೀಳಬೇಕು. ಬಾರ್ಜಿನ ಕಷ್ಟವೆಂದರೆ ಅದಕ್ಕೆ ಗಾಲಿಯೇ ಇಲ್ಲ. ನೀರಿನಲ್ಲಿ ಕಚ್ಚಿಕೊಳ್ಳಲು ಅದಕ್ಕೆ ಇರುವುದು ತನ್ನ ಮೈ ಮಾತ್ರ, ಆ ಮೈಯೂ ಚಪ್ಪಟೆ ತಳದ ಪೆಟ್ಟಿಗೆಯಂಥದ್ದು. ತಲಕಾಡಿನಲ್ಲೋ ಶ್ರೀರಂಗಪಟ್ಟಣದಲ್ಲೋ ಹರಿಗೋಲಿನಲ್ಲಿ ಕೂತಿದ್ದರೆ ನಿಮಗೆ ಇದು ಗೊತ್ತು: ಮುಂದು ಹಿಂದು ಇಲ್ಲದ ಆ ಗುಂಡನೆಯ ಬುಟ್ಟಿ, ಹುಟ್ಟು ಹಾಕುವವರು ಕೈಬಿಟ್ಟರೆ ಸುತ್ತುತ್ತಲೇ ಇರುತ್ತದೆ.

ಬಾರ್ಜಿನ ಮೂತಿ ಗಾಳಿಗೋ ಅಲೆಗೋ ಒಂದಿಷ್ಟು ಬಲಕ್ಕೆ ತಿರುಗಿತು ಎನ್ನಿ. ಎದುರಿನ ನೀರು ಅದರ ಎಡಗೆನ್ನೆಗೆ ಬಡಿಯುತ್ತದೆ. ಈ ಒತ್ತು ಬೀಳುವುದು ಬಾರ್ಜಿನ ನಡುಮಧ್ಯದಲ್ಲಲ್ಲ, ಅದಕ್ಕಿಂತ ಮುಂದೆ. ಹಾಗಾಗಿ ನೀರು ಮೂತಿಯನ್ನು ನೇರ ಮಾಡುವ ಬದಲು ಇನ್ನಷ್ಟು ಬಲಕ್ಕೆ ನೂಕುತ್ತದೆ. ಬಾರ್ಜು ಓರೆಯಾಗಿ ಜಾರಿ ಟಗ್ಗಿನ ದಾರಿಯಿಂದ ಬಹಳ ಆಚೆ ಹೋದಮೇಲೆ ಹಗ್ಗ ಬಿಗಿದು ಮೂತಿಯನ್ನು ಹಿಂದಕ್ಕೆ ಜಗ್ಗುತ್ತದೆ. ಆದರೆ ಅಷ್ಟು ಭಾರದ ವಸ್ತು ನಡುವೆ ಬಂದು ನಿಲ್ಲುವುದಿಲ್ಲ. ದಾಟಿ ಎಡಕ್ಕೆ ಹೋಗುತ್ತದೆ. ನೀವು ಕಂಡ ಓಲಾಟ ಇದೇ.

ಮದ್ದು ಏನು? ಆಷಾಢದ ಗಾಳಿಪಟ ನೆನಪು ಮಾಡಿಕೊಳ್ಳಿ. ಸೂತ್ರ ಸರಿಯಾಗಿ ಕಟ್ಟಬೇಕು, ಬಾಲಂಗೋಚಿ ಇರಬೇಕು. ಬಾರ್ಜಿಗೂ ಇವೆರಡೇ. ಅದರ ಮೂತಿಯ ಎಡಬಲ ಮೂಲೆಗಳಿಂದ ಎರಡು ಸರಪಳಿಗಳು ಹೊರಟು ಮುಂದೆ ಒಂದು ಬಿಂದುವಿನಲ್ಲಿ ಸೇರುತ್ತವೆ, ಟಗ್ಗಿನ ಹಗ್ಗ ಬಂದು ಕೂಡುವುದು ಅಲ್ಲಿ. ಮೂತಿ ವಾಲಿದೊಡನೆ ಒಂದು ಸರಪಳಿ ಬಿಗಿಯುತ್ತದೆ, ಇನ್ನೊಂದು ಸಡಿಲವಾಗುತ್ತದೆ, ಬಿಗಿದದ್ದು ಮೂತಿಯನ್ನು ಬೇಗ ಎಳೆದು ತರುತ್ತದೆ. ಇದು ಸೂತ್ರ. ಬಾಲಂಗೋಚಿಯ ಕೆಲಸ ಮಾಡುವುದು ಹಿಂಬದಿಯ ತಳದಲ್ಲಿ ನೆಟ್ಟಗೆ ಬೆಸೆದ ಉಕ್ಕಿನ ರೆಕ್ಕೆಗಳು. ಸ್ಕೆಗ್ ಎಂದು ಅವುಗಳ ಹೆಸರು, ಸಾಮಾನ್ಯವಾಗಿ ಎರಡಿರುತ್ತವೆ. ಬಾರ್ಜಿಗಿಲ್ಲದ ಗಾಲಿಗಳು ಇವೇ ಎನ್ನಬಹುದು. ನೀರನ್ನು ಕಚ್ಚುವ ಜಾಗವನ್ನು ಇವು ಹಿಂದಕ್ಕೆ ಒಯ್ಯುತ್ತವೆ. ಇವುಗಳಿಂದ ಎಳೆತ ಹೆಚ್ಚಿ ಟಗ್ಗಿಗೆ ಡೀಸೆಲ್ ಜಾಸ್ತಿ ಬೇಕಾಗುವುದು ನಿಜ. ಆದರೂ ಆ ಖರ್ಚು ಉಳಿಸಲು ಹೋಗಬಾರದು. ಓಲಾಡುವ ಬಾರ್ಜು ನೀರನ್ನು ಅಡ್ಡಲಾಗಿ ತಳ್ಳುತ್ತಾ ಅದಕ್ಕೂ ಹೆಚ್ಚು ತಿಂದುಬಿಡಬಲ್ಲದು, ಹಗ್ಗಕ್ಕೂ ಕೇಡು.

ಇಲ್ಲೊಂದು ವಿಚಿತ್ರವಿದೆ. ನಿಮ್ಮ ಗಾಡಿಗೆ ಹಿಂಭಾರ ಕೆಟ್ಟದ್ದು, ಬಾರ್ಜಿಗೆ ತುಸು ಹಿಂಭಾರವೇ ಒಳ್ಳೆಯದು. ಎಳೆಯುವ ಮುಂಚೆ ಮೂತಿ ಸ್ವಲ್ಪ ಮೇಲಿರುವಂತೆ ತೂಕ ಹೊಂದಿಸುತ್ತಾರೆ. ಹಿಂಭಾಗ ಆಳಕ್ಕಿಳಿದಷ್ಟೂ ನೀರಿನ ಹಿಡಿತ ಹಿಂದಕ್ಕೆ ಸರಿಯುತ್ತದೆ. ಕೆಟ್ಟುನಿಂತ ಹಡಗನ್ನು ಎಳೆಯುವಾಗ ಅದರ ಚುಕ್ಕಾಣಿಯನ್ನು ನೇರಕ್ಕೆ ನಿಲ್ಲಿಸಿ ಅಲುಗದಂತೆ ಬಿಗಿಯುತ್ತಾರೆ, ಆಗ ಅದೂ ಸ್ಕೆಗ್‌ನಂತೆಯೇ.

ಹಗ್ಗ ಉದ್ದ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಅಷ್ಟು ಸುಲಭವಲ್ಲ. ಕಡಲಲ್ಲಿ ನೂರಾರು ಮೀಟರ್ ಉಕ್ಕಿನ ಹಗ್ಗ ಬಿಡುವುದು ಮುಖ್ಯವಾಗಿ ಜಗ್ಗಾಟ ತಡೆಯಲು. ನೀರಿನೊಳಗೆ ಜೋತುಬಿದ್ದ ಹಗ್ಗ ಅಲೆಯ ಹೊಡೆತಕ್ಕೆ ಸ್ಪ್ರಿಂಗಿನಂತೆ ಹಿಗ್ಗಿ ಕುಗ್ಗುತ್ತದೆ. ಹಗ್ಗದ ಉದ್ದ ಮತ್ತು ಕಟ್ಟುವ ಜಾಗ ಎಳೆಸಿಕೊಳ್ಳುವ ಹಡಗಿನ ನೇರ ನಡೆಯ ಮೇಲೆ ಏನು ಪರಿಣಾಮ ಬೀರುತ್ತವೆ ಎಂಬುದನ್ನು 1950ರಲ್ಲೇ ಅಮೆರಿಕದಲ್ಲಿ ಸ್ಟ್ರಾಂಡ್‌ಹಾಗನ್, ಶೋನ್‌ಹರ್, ಕೊಬಯಾಶಿ ಎಂಬ ಮೂವರು ಲೆಕ್ಕ ಹಾಕಿ ಪ್ರಕಟಿಸಿದ್ದರು. ಬಂದರಿನ ಇಕ್ಕಟ್ಟಿನಲ್ಲಿ ಉದ್ದ ಹಗ್ಗದ ಮಾತೇ ಇಲ್ಲ, ಬಾರ್ಜನ್ನು ಟಗ್ಗಿನ ಪಕ್ಕಕ್ಕೇ ಬಿಗಿಯುತ್ತಾರೆ. ಅಮೆರಿಕದ ಮಿಸಿಸಿಪ್ಪಿ ನದಿಯಲ್ಲಂತೂ ಬಾರ್ಜುಗಳನ್ನು ಒಂದಕ್ಕೊಂದು ಕಟ್ಟಿ ಒಂದೇ ಮೈ ಮಾಡಿ ಹಿಂದಿನಿಂದ ತಳ್ಳುತ್ತಾರೆ.

ಹಗ್ಗ ಕಡಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2011ರ ಜೂನ್‌ನಲ್ಲಿ ‘ವಿಸ್ಡಮ್’ ಎಂಬ ಹಳೆಯ ಸರಕು ಹಡಗನ್ನು ಒಡೆಯಲೆಂದು ಕೊಲಂಬೊದಿಂದ ಗುಜರಾತಿನ ಅಲಾಂಗ್‌ಗೆ ಎಳೆದೊಯ್ಯುತ್ತಿದ್ದರು. ಹಗ್ಗ ಕಡಿದು, ಆಳಿಲ್ಲದ ಹಡಗು ಮುಂಗಾರಿನ ಕಡಲಲ್ಲಿ ತೇಲಿ ಮುಂಬೈಯ ಜುಹೂ ಮರಳಿಗೆ ಬಂದು ಕೂತಿತು.

ಸ್ಕೆಗ್‌ನ ಕೆಲಸವನ್ನು ಮನೆಯ ತೊಟ್ಟಿಯಲ್ಲೇ ನೋಡಬಹುದು, ದಯವಿಟ್ಟು ನಾಲೆಗೆ ಇಳಿಯಬೇಡಿ. ಒಂದು ಚಪ್ಪಟೆ ಹಲಗೆಗೆ ದಾರ ಕಟ್ಟಿ ಎಳೆಯಿರಿ. ಆಮೇಲೆ ಅದರ ಹಿಂಬದಿಯ ತಳಕ್ಕೆ ತಗಡಿನ ತುಂಡೊಂದನ್ನು ನೆಟ್ಟಗೆ ಹೊಡೆದು ಎಳೆಯಿರಿ, ಹಲಗೆ ನೇರ ಬರುತ್ತದೆ. ಅದೇ ತಗಡನ್ನು ಕಿತ್ತು ಮೂತಿಯ ಕೆಳಗೆ ಹೊಡೆದರೆ ಮೊದಲಿಗಿಂತ ಹೆಚ್ಚು ಅಡ್ಡಾಡುತ್ತದೆ.